ಸತ್ತೂರಿನಲ್ಲಿ ಫ್ಲ್ಯಾಟ್ ಖರೀದಿ: ಕ್ರಯಪತ್ರದಲ್ಲಿ ಬರುವುದೆಷ್ಟು, ಬಾರದಿರುವುದೆಷ್ಟು?

ಹುಬ್ಬಳ್ಳಿಯಿಂದ ಧಾರವಾಡದ ಕಡೆಗೆ ಹೊರಟವರಿಗೆ ಪಿ.ಬಿ. ರಸ್ತೆಯಲ್ಲಿ ಉಣಕಲ್, ಭೈರಿದೇವರಕೊಪ್ಪ, ಅಮರಗೋಳ, ನವನಗರ, ರಾಯಾಪುರಗಳನ್ನು ದಾಟಿದ ಮೇಲೆ ಸಿಗುವ ಊರು ಸತ್ತೂರ. ಅದರಾಚೆಗೆ ಪೇರಲ ಹಣ್ಣಿಗೆ ಹೆಸರಾದ ನವಲೂರು, ಆಮೇಲೆ ಧಾರವಾಡ. ಒಂದು ತಲೆಮಾರಿನ ಹಿಂದೆ ಸತ್ತೂರ ಎಂದರೆ ಹೊಲಗಳ ನಡುವಣ ಹಳ್ಳಿ. 1986ರಲ್ಲಿ ಎಸ್.ಡಿ.ಎಂ. ದಂತ ವೈದ್ಯಕೀಯ ಕಾಲೇಜು, 2003ರಲ್ಲಿ ಅದೇ ಆವರಣದಲ್ಲಿ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಬಂದ ಬಳಿಕ ಊರಿನ ಚಹರೆ ಬದಲಾಗತೊಡಗಿತು. ಸತ್ತೂರ ಸಮೀಪದ ಇಟ್ಟಿಗಟ್ಟಿ ರಸ್ತೆಯಲ್ಲಿ ಐಐಐಟಿ ಧಾರವಾಡದ ಸ್ವಂತ ಆವರಣವನ್ನು 2022ರ ಸೆಪ್ಟೆಂಬರ್ 26ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ಅದಕ್ಕೂ ಮುನ್ನ 2018ರ ಅಕ್ಟೋಬರಿನಲ್ಲಿ ಸಂಚಾರ ಆರಂಭಿಸಿ, 2020ರ ಫೆಬ್ರವರಿಯಲ್ಲಿ ವಿಧ್ಯುಕ್ತವಾಗಿ ಲೋಕಾರ್ಪಣೆಗೊಂಡ ಬಿ.ಆರ್.ಟಿ.ಎಸ್. ಯೋಜನೆಯ 'ಚಿಗರಿ' ಬಸ್ಸುಗಳು ಸತ್ತೂರನ್ನು ಎರಡೂ ನಗರಗಳಿಗೆ ಹತ್ತಿರ ತಂದಿದ್ದವು.

ಹೀಗಾಗಿ ಇಂದು ಇಲ್ಲಿ ಮನೆ ಹುಡುಕುವವರಲ್ಲಿ ಮೂರು ಬಗೆಯವರು ಕಾಣುತ್ತಾರೆ. ಆಸ್ಪತ್ರೆ ಹಾಗೂ ವಿದ್ಯಾಸಂಸ್ಥೆಗಳಲ್ಲಿ ದುಡಿಯುವವರು ಮೊದಲನೆಯವರು. ಹುಬ್ಬಳ್ಳಿಯ ದುರ್ಗದಬೈಲಿನಲ್ಲೋ ಅಮರಗೋಳದ ಎಪಿಎಂಸಿ ಪ್ರಾಂಗಣದಲ್ಲೋ ವ್ಯಾಪಾರವಿದ್ದು, ರಾತ್ರಿಯಾದರೂ ಗದ್ದಲದಿಂದ ದೂರವಿರಬೇಕೆಂದು ಬಯಸುವ ವರ್ತಕ ಕುಟುಂಬಗಳು ಎರಡನೆಯವರು. ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ ನೆಲೆಸಿ, ಊರಿನ ಹಳೆಯ ಮನೆಯನ್ನು ನೋಡಿಕೊಳ್ಳಲಾಗದೆ, ಆಸ್ಪತ್ರೆ ಹತ್ತಿರವಿರುವ ಕಾವಲುಳ್ಳ ಕಟ್ಟಡವೇ ಲೇಸೆಂದು ಬರುವ ನಿವೃತ್ತ ದಂಪತಿಗಳು ಮೂರನೆಯವರು. ಈ ಮೂರನೆಯವರ ಸಂಖ್ಯೆ ಎಷ್ಟೇ ಇರಲಿ, ಅಪಾಯ ಹೆಚ್ಚು ಇರುವುದು ಅವರಿಗೇ. ಅವರು ತೊಡಗಿಸುವ ಹಣ ಗ್ರಾಚ್ಯುಟಿ, ಭವಿಷ್ಯನಿಧಿ ಅಥವಾ ಹಿರಿಯರ ಮನೆ ಮಾರಿದ ಹಣ. ಎರಡನೆಯ ಸಲ ಗಳಿಸಲು ಅವರಿಗೆ ವಯಸ್ಸು ಉಳಿದಿರುವುದಿಲ್ಲ.

ಅವಳಿ ನಗರದ ಮಧ್ಯಮ ವರ್ಗಕ್ಕೆ ಮನೆ ಎಂದರೆ ಬಹುಕಾಲ ಸ್ವಂತ ಪ್ಲಾಟು, ಅದರ ಮೇಲೊಂದು ಕಟ್ಟಡ, ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ ಎಂದೇ ಅರ್ಥವಿತ್ತು. ಪ್ಲಾಟು ಖರೀದಿಯಲ್ಲಿ ಏನು ನೋಡಬೇಕೆಂಬುದು ಮನೆಮನೆಯ ಹಿರಿಯರಿಗೆ ಗೊತ್ತಿದ್ದ ಸಂಗತಿ: ಉತಾರ ಸರಿಯಿದೆಯೇ, ಬಿನ್‌ಶೇತ್ಕಿ ಆಗಿದೆಯೇ, ಚೆಕ್ಕುಬಂದಿ ಹೊಂದುತ್ತದೆಯೇ. ಫ್ಲ್ಯಾಟಿಗೆ ಅಂಥ ರೂಢಿಗತ ತಿಳಿವಳಿಕೆ ಇನ್ನೂ ಬೆಳೆದಿಲ್ಲ. ಮಾದರಿ ಮನೆಯ ಟೈಲ್ಸು, ಅಡುಗೆಮನೆಯ ಕಟ್ಟೆ, ಬಾಲ್ಕನಿಯ ನೋಟ ಇವುಗಳ ಮೇಲೆಯೇ ನಿರ್ಧಾರವಾಗುತ್ತದೆ. ಕೊಳ್ಳುವವರ ಮನಸ್ಸನ್ನು ಗೆಲ್ಲುವ ಮಾತುಗಳು ಸಾಮಾನ್ಯವಾಗಿ ಎರಡು: 'ಶಾಂತ ಪರಿಸರ' ಮತ್ತು 'ಕೆರೆಯ ಸಮೀಪ'. ಈ ಎರಡಕ್ಕೂ ಚದರ ಅಡಿಯ ಲೆಕ್ಕದಲ್ಲಿ ಹೆಚ್ಚಿನ ಬೆಲೆ ತೆರಲಾಗುತ್ತದೆ. ಆದರೆ ಕ್ರಯಪತ್ರದ ಷೆಡ್ಯೂಲಿನಲ್ಲಿ ಈ ಎರಡರ ಉಲ್ಲೇಖವೂ ಇರುವುದಿಲ್ಲ.

ಕೆರೆ ಯಾರದು?

ಹುಬ್ಬಳ್ಳಿ-ಧಾರವಾಡ ಕೆರೆಗಳ ಊರು. ಉಣಕಲ್ ಕೆರೆ, ತೋಳನಕೆರೆ, ಸಾಧನಕೇರಿ, ಕೆಲಗೇರಿ ಇವು ಎಲ್ಲರಿಗೂ ತಿಳಿದ ಹೆಸರುಗಳು. ಸತ್ತೂರ ಈ ಎರಡೂ ಗುಂಪುಗಳ ನಡುವೆ ಇದೆ. ಕೆರೆಯ ದಂಡೆಯಲ್ಲಿ ಬೆಳಗಿನ ನಡಿಗೆ, ಸಂಜೆಯ ತಂಗಾಳಿ ಎಂಬುದು ನಿಜವಾದ ಸುಖವೇ ಹೌದು, ಅದನ್ನು ಅಲ್ಲಗಳೆಯಲಾಗದು. ಆದರೆ ಸುಸ್ಥಿತಿಯಲ್ಲಿರುವ ಕೆರೆಗೂ ಅಂತರಗಂಗೆ ಕಳೆ ಮುಚ್ಚಿದ, ಒಳಚರಂಡಿಯ ನೀರು ಸೇರುವ ಕೆರೆಗೂ ನಡುವಿನ ಅಂತರ ಎರಡು ಮೂರು ವರ್ಷಗಳದ್ದು ಮಾತ್ರ. ಉಣಕಲ್ ಕೆರೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೂಳು ತೆಗೆಯುವುದು, ಕಳೆ ತೆಗೆಯುವುದು, ಕೊಳಚೆಯನ್ನು ಬೇರೆಡೆ ತಿರುಗಿಸುವುದು ಯಾವುದೂ ಕಟ್ಟಡ ನಿರ್ಮಾಪಕರ ಕೈಯಲ್ಲಿಲ್ಲ, ಫ್ಲ್ಯಾಟ್ ಮಾಲೀಕರ ಕೈಯಲ್ಲಿಯೂ ಇಲ್ಲ. ಆದ್ದರಿಂದ ಕೆರೆಯ ನೋಟಕ್ಕೆಂದು ಕೊಡುವ ಹೆಚ್ಚುವರಿ ಹಣ ಸಾರ್ವಜನಿಕ ಸಂಸ್ಥೆಗಳ ಮುಂದಿನ ಕಾರ್ಯದಕ್ಷತೆಯ ಮೇಲೆ ಹೂಡಿದ ಹಣ ಎಂದೇ ಭಾವಿಸತಕ್ಕದ್ದು.

ನೋಟಕ್ಕಿಂತ ಮುಖ್ಯವಾದುದು ಕಟ್ಟಡ ನಿಂತ ನೆಲ. ಕೆರೆಗೆ ಹರಿಯುವ ಹಳ್ಳ, ನಾಲಾಗಳು ಹಳೆಯ ಗ್ರಾಮ ನಕಾಶೆಯಲ್ಲಿ ಸ್ಪಷ್ಟವಾಗಿ ಇರುತ್ತವೆ. ಪಹಣಿಯಲ್ಲಿ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣದಿಂದ ಕಳೆಯುವ ಖರಾಬು ಎರಡು ಬಗೆ: 'ಅ' ಖರಾಬು ಸಾಗುವಳಿಗೆ ಯೋಗ್ಯವಲ್ಲದ ಜಾಗ, 'ಬ' ಖರಾಬು ಹಳ್ಳ, ದಾರಿ, ಕೆರೆ ಮುಂತಾದ ಸಾರ್ವಜನಿಕ ಉಪಯೋಗದ್ದು. ಎರಡನೆಯದನ್ನು ಯಾರೂ ಮಾರಲು ಬರುವುದಿಲ್ಲ. ಹಿಂಚ್‌ಲಾಲ್ ತಿವಾರಿ ಪ್ರಕರಣದಲ್ಲಿ 2001ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಕೆರೆಕಟ್ಟೆಗಳು ಸಮುದಾಯದ ಸ್ವತ್ತು, ಅವುಗಳನ್ನು ಮನೆ ಕಟ್ಟಲು ಹಂಚಿಕೊಡಲಾಗದು ಎಂಬ ನಿಲುವು ತಳೆಯಿತು. ಬೆಂಗಳೂರಿನ ಕೆರೆಗಳಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ವಿಧಿಸಿದ 75 ಮೀಟರ್ ಅಂತರದ ನಿಯಮವನ್ನು 2019ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿದ್ದನ್ನು ಮುಂದಿಟ್ಟುಕೊಂಡು, ಇನ್ನು ಯಾವ ನಿರ್ಬಂಧವೂ ಇಲ್ಲವೆಂದು ಹೇಳುವವರುಂಟು. ಅದು ಸರಿಯಲ್ಲ. ಮಹಾಯೋಜನೆಯಲ್ಲಿ ನಿಗದಿಯಾದ ಅಂತರ ಅಂದೂ ಇತ್ತು, ತೀರ್ಪಿನಿಂದ ಅದು ಹೋಗಲಿಲ್ಲ. ಹುಡಾ ಕಚೇರಿಯಲ್ಲಿ ಆಯಾ ಸರ್ವೆ ನಂಬರಿನ ವಲಯ ಪ್ರಮಾಣಪತ್ರ ಪಡೆದು, ಅದನ್ನು ಗ್ರಾಮ ನಕಾಶೆಯ ಪಕ್ಕದಲ್ಲಿಟ್ಟು ನೋಡುವ ಕೆಲಸಕ್ಕೆ ಒಂದೆರಡು ದಿನ ಬೇಕು. ಅರ್ಧ ಕೋಟಿ ರೂಪಾಯಿಯ ವ್ಯವಹಾರದಲ್ಲಿ ಈ ಎರಡು ದಿನಗಳನ್ನು ಉಳಿಸಲು ಹೋಗುವುದು ಲೆಕ್ಕ ಬಲ್ಲವರ ಲಕ್ಷಣವಲ್ಲ.

ಕೆರೆ ಹತ್ತಿರವಿದ್ದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಬರುತ್ತದೆ ಎಂದೂ ಇಲ್ಲ. ಅವಳಿ ನಗರಕ್ಕೆ ಕುಡಿಯುವ ನೀರು ಬರುವುದು ಮುಖ್ಯವಾಗಿ ಮಲಪ್ರಭೆಯ ರೇಣುಕಾಸಾಗರದಿಂದ. 2008ರಲ್ಲಿ ಕೆಲವು ವಾರ್ಡುಗಳಲ್ಲಿ 24 ಗಂಟೆ ನೀರು ಕೊಡುವ ಪ್ರಯೋಗ ಯಶಸ್ವಿಯಾಯಿತಾದರೂ ಇಡೀ ನಗರಕ್ಕೆ ಅದನ್ನು ವಿಸ್ತರಿಸುವ ಕಾರ್ಯ ಬಹಳ ಕಾಲ ಎಳೆಯಿತು. ಆದ್ದರಿಂದ ಕಟ್ಟಡದ ಕೆಳಗಿನ ನೀರಿನ ತೊಟ್ಟಿಯ ಗಾತ್ರವೆಷ್ಟು, ಪಾಲಿಕೆಯ ನಲ್ಲಿ ಸಂಪರ್ಕ ನಿಜವಾಗಿ ದೊರೆತಿದೆಯೇ, ಬೇಸಿಗೆಯಲ್ಲಿ ಕೊಳವೆಬಾವಿ ಎಷ್ಟು ಹೊತ್ತು ನಡೆಯುತ್ತದೆ ಎಂಬ ಪ್ರಶ್ನೆಗಳನ್ನು ಮಾರಾಟ ಪ್ರತಿನಿಧಿಗೆ ಕೇಳುವ ಬದಲು ಪಕ್ಕದ ಕಟ್ಟಡದ ಕಾವಲುಗಾರನಿಗೆ ಕೇಳುವುದು ಒಳ್ಳೆಯದು. ಟ್ಯಾಂಕರ್ ವಾರಕ್ಕೆಷ್ಟು ಬರುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ನೆಲದ ಪಾಲು

ಫ್ಲ್ಯಾಟ್ ಕೊಳ್ಳುವವರು ನಿಜವಾಗಿ ಕೊಳ್ಳುವುದು ಎರಡು ವಸ್ತುಗಳನ್ನು: ನಾಲ್ಕು ಗೋಡೆಗಳ ನಡುವಿನ ಅವಕಾಶ ಮತ್ತು ಕಟ್ಟಡದ ಕೆಳಗಿನ ಭೂಮಿಯಲ್ಲಿ ಅವಿಭಜಿತ ಪಾಲು. ಮೊದಲನೆಯದು ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಬೆಲೆ ಏರುವುದು ಎರಡನೆಯದಕ್ಕೆ. ಆದರೂ ಮಾತುಕತೆಯೆಲ್ಲ ಮೊದಲನೆಯದರ ಮೇಲೆ ನಡೆಯುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳಬಹುದು. 20 ಗುಂಟೆ ಜಮೀನು ಎಂದರೆ 21,780 ಚದರ ಅಡಿ. ಅದರ ಮೇಲೆ ಸಮಾನ ಅಳತೆಯ 24 ಫ್ಲ್ಯಾಟುಗಳಿದ್ದರೆ ಒಬ್ಬೊಬ್ಬರ ಪಾಲು ಸುಮಾರು 907 ಚದರ ಅಡಿ. ನಂತರ ನಿರ್ಮಾಪಕರು ಇನ್ನೊಂದು ಮಹಡಿ ಏರಿಸಿ 6 ಫ್ಲ್ಯಾಟು ಸೇರಿಸಿದರೆ ಪಾಲು 726 ಚದರ ಅಡಿಗೆ ಇಳಿಯುತ್ತದೆ. ಮೊದಲು ಕೊಂಡವರು ಒಂದು ರೂಪಾಯಿಯನ್ನೂ ಹಿಂದಕ್ಕೆ ಪಡೆಯದೆ 181 ಚದರ ಅಡಿ ನೆಲ ಕಳೆದುಕೊಂಡಂತೆ. ಇದನ್ನು ತಡೆಯಲೆಂದೇ 2016ರ ರೇರಾ ಕಾಯ್ದೆಯ 14ನೇ ಕಲಮು, ಮಂಜೂರಾದ ನಕ್ಷೆಯಲ್ಲಿ ಇಂಥ ಬದಲಾವಣೆಗೆ ಮೂರನೇ ಎರಡರಷ್ಟು ಖರೀದಿದಾರರ ಲಿಖಿತ ಒಪ್ಪಿಗೆ ಬೇಕೆನ್ನುತ್ತದೆ. ಆದರೆ ಮಾರಾಟ ಒಪ್ಪಂದದ ನಡುವೆಲ್ಲೋ ಇಂಥ ಬದಲಾವಣೆಗಳಿಗೆಲ್ಲ ಮುಂಚಿತವಾಗಿಯೇ ಒಪ್ಪಿಗೆ ನೀಡಿದ್ದೇನೆಂಬ ಸಾಲು ಸೇರಿರುವುದುಂಟು. ಅದನ್ನು ಓದದೆ ಸಹಿ ಹಾಕಬಾರದು. ಅವಿಭಜಿತ ಪಾಲನ್ನು ಶೇಕಡಾ ಲೆಕ್ಕದಲ್ಲಷ್ಟೇ ಅಲ್ಲ, ಚದರ ಅಡಿಗಳಲ್ಲಿಯೂ ಬರೆಸಿಕೊಳ್ಳುವುದು ಕ್ಷೇಮ.

ಭೂಮಿಯ ಹಕ್ಕಿನ ಶೋಧನೆ ಈ ಭಾಗದಲ್ಲಿ ವಿಶೇಷ ಎಚ್ಚರಿಕೆಯನ್ನು ಬೇಡುತ್ತದೆ. ಸತ್ತೂರ, ನವಲೂರು, ರಾಯಾಪುರ ಸುತ್ತಲಿನ ವಸತಿ ಸಮುಚ್ಚಯಗಳ ಕೆಳಗಿರುವುದು ಮೂಲತಃ ರೈತ ಕುಟುಂಬಗಳ ಪಿತ್ರಾರ್ಜಿತ ಜಮೀನು. ಇಂಥ ಕಡೆ ಜಮೀನಿನ ಮಾಲೀಕರು ಮತ್ತು ನಿರ್ಮಾಪಕರ ನಡುವೆ ಜಂಟಿ ಅಭಿವೃದ್ಧಿ ಒಪ್ಪಂದವಾಗಿ, ಕಟ್ಟಿದ ಫ್ಲ್ಯಾಟುಗಳನ್ನು ಇಬ್ಬರೂ ಹಂಚಿಕೊಳ್ಳುವುದು ಸಾಮಾನ್ಯ. ಒಪ್ಪಂದಕ್ಕೆ ಸಹಿ ಹಾಕಿದವರು ಅಣ್ಣತಮ್ಮಂದಿರು ಮಾತ್ರವೋ, ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಇದ್ದಾರೆಯೋ ಎಂಬುದನ್ನು ಮೊದಲು ನೋಡಬೇಕು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕವು 1994ರಲ್ಲಿಯೇ ತಂದಿತ್ತು. ಕೇಂದ್ರದ ತಿದ್ದುಪಡಿ 2005ರಲ್ಲಿ ಬಂತು. ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ, 2005ರಲ್ಲಿ ತಂದೆ ಬದುಕಿರಲಿ ಇಲ್ಲದಿರಲಿ ಈ ಹಕ್ಕು ಜನ್ಮದಿಂದಲೇ ಬರುತ್ತದೆಂದು ಸ್ಪಷ್ಟಪಡಿಸಿತು. ವರ್ಷಗಳ ನಂತರ ಒಬ್ಬ ಸಹೋದರಿ ಪಾಲುವಿಭಾಗದ ದಾವೆ ಹೂಡಿದರೆ ಫ್ಲ್ಯಾಟಿನ ಮಾಲೀಕರೆಲ್ಲರೂ ಪ್ರತಿವಾದಿಗಳಾಗುತ್ತಾರೆ. ಅವಳ ಕೇಳಿಕೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಕೊಡಬೇಕಾದವರು ಆಕೆಯನ್ನು ಬಿಟ್ಟು ಸಹಿ ಮಾಡಿದವರು. ಆದರೆ ಸಾಲದ ಕಂತು ಕಟ್ಟುತ್ತ ನ್ಯಾಯಾಲಯಕ್ಕೆ ಅಲೆಯುವವರು ಕೊಂಡವರು. ವಂಶವೃಕ್ಷದ ದಾಖಲೆ, ವರ್ದಿ ಪ್ರತಿಗಳು, ಕನಿಷ್ಠ 30 ವರ್ಷಗಳ ಋಣಭಾರ ಪ್ರಮಾಣಪತ್ರ, ಬಿನ್‌ಶೇತ್ಕಿ ಆದೇಶ ಇವಿಷ್ಟನ್ನು ತಮ್ಮದೇ ವಕೀಲರಿಂದ ಪರಿಶೀಲಿಸಿಕೊಳ್ಳಬೇಕು. ನಿರ್ಮಾಪಕರು ಸೂಚಿಸಿದ ವಕೀಲರು ಎಷ್ಟೇ ಸಜ್ಜನರಾಗಿರಲಿ, ಅವರ ಕಕ್ಷಿದಾರರು ಖರೀದಿದಾರರಲ್ಲ. ಹಳೆಯ ವತನ ಜಮೀನು ಅಥವಾ ಪರಿಶಿಷ್ಟ ಜಾತಿ-ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ಪರಭಾರೆಗೆ ಬೇರೆಯೇ ನಿರ್ಬಂಧಗಳಿವೆ. ಅಂಥಲ್ಲಿ ಮುನ್ನುಗ್ಗದಿರುವುದೇ ವಿವೇಕ.

ಕಟ್ಟಡದ ಕಾಗದ

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡವೊಂದು ಕುಸಿದು 19 ಜನ ಪ್ರಾಣ ಕಳೆದುಕೊಂಡರು. ಅವಳಿ ನಗರ ಆ ದಿನಗಳನ್ನು ಮರೆತಿಲ್ಲ. ಕಟ್ಟಡದ ಬಲ ಕೊಳ್ಳುವವರ ಕಣ್ಣಿಗೆ ಕಾಣುವ ವಸ್ತುವಲ್ಲ. ಆದರೆ ಅದರ ಹಿಂದಿನ ಕಾಗದಗಳು ಕಾಣುತ್ತವೆ: ಪಾಲಿಕೆ ಮಂಜೂರು ಮಾಡಿದ ನಕ್ಷೆ, ಮಣ್ಣು ಪರೀಕ್ಷೆಯ ವರದಿ, ರಚನಾ ಅಭಿಯಂತರರ ಸಹಿಯುಳ್ಳ ವಿನ್ಯಾಸ, ಕೊನೆಗೆ ಸ್ವಾಧೀನಾನುಭವ ಪತ್ರ ಅಂದರೆ ಓ.ಸಿ. ಮಣ್ಣು ಪರೀಕ್ಷೆ ಈ ಪಟ್ಟಿಗೆಯಲ್ಲಿ ಇರುವುದಕ್ಕೆ ಸ್ಥಳೀಯ ಕಾರಣವುಂಟು. ಧಾರವಾಡದ ಮಸಾರಿ ನೆಲ ಹುಬ್ಬಳ್ಳಿಯ ಕಡೆಗೆ ಬರಬರುತ್ತ ಎರೆ ನೆಲವಾಗುತ್ತದೆ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅಡಿಪಾಯ ಅದಕ್ಕೆ ತಕ್ಕಂತೆ ಇಲ್ಲದಿದ್ದರೆ ಮೂರನೇ ವರ್ಷಕ್ಕೆ ಗೋಡೆಯಲ್ಲಿ ಓರೆ ಬಿರುಕು ತೋರುತ್ತದೆ. ರೇರಾ ಕಾಯ್ದೆಯಂತೆ ಸ್ವಾಧೀನ ಪಡೆದ ದಿನದಿಂದ 5 ವರ್ಷಗಳೊಳಗೆ ಕಂಡುಬಂದ ರಚನಾ ದೋಷವನ್ನು ನಿರ್ಮಾಪಕರು ತಮ್ಮ ಖರ್ಚಿನಲ್ಲಿ ಸರಿಪಡಿಸತಕ್ಕದ್ದು; ದೋಷವನ್ನು ಬರಹದ ಮೂಲಕ ತಿಳಿಸಿದ ದಾಖಲೆ ಇರಬೇಕು.

ಓ.ಸಿ. ಇಲ್ಲದೆಯೇ ಗೃಹಪ್ರವೇಶ ಮಾಡುವ ರೂಢಿ ಇನ್ನು ನಡೆಯುವಂತಿಲ್ಲ. 2024ರ ಡಿಸೆಂಬರ್ 17ರಂದು ರಾಜೇಂದ್ರ ಕುಮಾರ್ ಬರ್ಜಾತ್ಯಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಈ ಪತ್ರ ದೊರೆತ ಬಳಿಕವೇ ಸ್ವಾಧೀನ ಕೊಡಬೇಕು, ವಿದ್ಯುತ್-ನೀರಿನ ಸಂಪರ್ಕವನ್ನೂ ಅದನ್ನು ನೋಡಿಯೇ ನೀಡಬೇಕು ಎಂದು ನಿರ್ದೇಶಿಸಿತು. ಬ್ಯಾಂಕುಗಳಿಗೂ ಸಾಲ ಕೊಡುವಾಗ ಅದನ್ನು ಪರಿಶೀಲಿಸಲು ಸೂಚಿಸಿತು. ಇದರ ಪರಿಣಾಮವಾಗಿ ಓ.ಸಿ. ಇಲ್ಲದ ಫ್ಲ್ಯಾಟು ಅಗ್ಗಕ್ಕೆ ಸಿಕ್ಕರೂ ಮುಂದೆ ಮಾರುವಾಗ ಸಾಲ ಪಡೆದು ಕೊಳ್ಳುವ ಗಿರಾಕಿ ಸಿಗುವುದು ಕಷ್ಟ. ಅಗ್ಗವೆಂದು ಪಡೆದ ರಿಯಾಯಿತಿಯನ್ನು ಮಾರುವ ದಿನ ಬಡ್ಡಿ ಸಮೇತ ಹಿಂದಿರುಗಿಸಬೇಕಾದೀತು.

ರೇರಾ ನೋಂದಣಿಯ ಬಗೆಗೂ ಒಂದು ತಪ್ಪು ತಿಳಿವಳಿಕೆ ಇದೆ. ಜಮೀನಿನ ವಿಸ್ತೀರ್ಣ 500 ಚದರ ಮೀಟರ್ ಮೀರದ ಅಥವಾ 8 ಫ್ಲ್ಯಾಟುಗಳನ್ನು ಮೀರದ ಯೋಜನೆಗಳಿಗೆ ನೋಂದಣಿ ಕಡ್ಡಾಯವಲ್ಲ. 500 ಚದರ ಮೀಟರ್ ಎಂದರೆ ಸುಮಾರು 5 ಗುಂಟೆ. ನಗರದ ಹೊರವಲಯದ ಬಡಾವಣೆಗಳಲ್ಲಿ ಎರಡು ಪ್ಲಾಟು ಸೇರಿಸಿ ಕಟ್ಟಿದ ಚಿಕ್ಕ ಅಪಾರ್ಟ್‌ಮೆಂಟುಗಳು ಈ ಮಿತಿಯೊಳಗೆ ಬರಬಹುದು. ಅವು ಕೆಟ್ಟವೆಂದಲ್ಲ, ನೆರೆಹೊರೆ ಚಿಕ್ಕದಾಗಿದ್ದು ನೆಮ್ಮದಿ ಹೆಚ್ಚೂ ಇರಬಹುದು. ಆದರೆ ಖರೀದಿದಾರರ ಹಣದ ಶೇ. 70 ಭಾಗವನ್ನು ಪ್ರತ್ಯೇಕ ಖಾತೆಯಲ್ಲಿಡುವ ನಿಯಮದ ನೆರಳು ಅಲ್ಲಿರುವುದಿಲ್ಲ. ಆದ್ದರಿಂದ ಅಂಥವನ್ನು ಕಟ್ಟಿ ಮುಗಿದ ಮೇಲೆ ಕೊಳ್ಳುವುದು ಒಳಿತು. ನೋಂದಣಿಯಾದ ಯೋಜನೆಯಲ್ಲಿಯೂ ಒಪ್ಪಂದವನ್ನು ನೋಂದಾಯಿಸುವ ಮುನ್ನ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ ಎಂಬುದನ್ನು ಎಷ್ಟೋ ಜನ ವ್ಯಾಪಾರಸ್ಥರೇ ಗಮನಿಸಿರುವುದಿಲ್ಲ.

ಬೆಲೆಯ ಮೇಲಿನ ಬೆಲೆ

ಜಾಹೀರಾತಿನಲ್ಲಿ ಕಾಣುವ ಬೆಲೆಗೂ ಕೈಬಿಡುವ ಹಣಕ್ಕೂ ಇರುವ ಅಂತರವನ್ನು ಮೊದಲೇ ಲೆಕ್ಕ ಹಾಕಬೇಕು. 2019ರ ಏಪ್ರಿಲ್ 1ರಿಂದ ನಿರ್ಮಾಣ ಹಂತದ ಫ್ಲ್ಯಾಟಿಗೆ ಜಿಎಸ್‌ಟಿ ಶೇ. 5. ಮಹಾನಗರಗಳೆಂದು ಗುರುತಿಸದ ಊರುಗಳಲ್ಲಿ ಕಾರ್ಪೆಟ್ ವಿಸ್ತೀರ್ಣ 90 ಚದರ ಮೀಟರ್, ಅಂದರೆ ಸುಮಾರು 968 ಚದರ ಅಡಿ ಮೀರದೆ, ಒಟ್ಟು ಬೆಲೆ 45 ಲಕ್ಷ ರೂ. ಮೀರದಿದ್ದರೆ ಶೇ. 1. ಹುಬ್ಬಳ್ಳಿ-ಧಾರವಾಡ ಈ ಗುಂಪಿಗೇ ಸೇರುತ್ತದೆ. ಪೂರ್ಣತಾ ಪತ್ರ ಪಡೆದ ಬಳಿಕ ಮಾರಿದ ಫ್ಲ್ಯಾಟಿಗೆ ಜಿಎಸ್‌ಟಿ ಇಲ್ಲ. ಮುದ್ರಾಂಕ ಶುಲ್ಕ ಸಾಮಾನ್ಯವಾಗಿ ಶೇ. 5, ಅದರ ಮೇಲೆ ಶೇ. 10 ಸೆಸ್ ಮತ್ತು ನಗರ ಪ್ರದೇಶದಲ್ಲಿ ಶೇ. 2 ಸರ್‌ಚಾರ್ಜ್. 45 ಲಕ್ಷದವರೆಗಿನ ಹೊಸ ಫ್ಲ್ಯಾಟಿನ ಮೊದಲ ನೋಂದಣಿಗೆ ಮುದ್ರಾಂಕ ಶುಲ್ಕ ಶೇ. 3. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿತು.

ಈ 45 ಲಕ್ಷದ ಗೆರೆ ಎಷ್ಟು ಹರಿತವಾದುದೆಂಬುದಕ್ಕೆ ಒಂದು ಲೆಕ್ಕ ನೋಡಬಹುದು. 850 ಚದರ ಅಡಿ ಕಾರ್ಪೆಟ್ ವಿಸ್ತೀರ್ಣದ, ನಿರ್ಮಾಣ ಹಂತದ ಫ್ಲ್ಯಾಟಿನ ಬೆಲೆ 44 ಲಕ್ಷ ರೂ. ಎಂದಿರಲಿ. ಜಿಎಸ್‌ಟಿ 44,000 ರೂ., ಮುದ್ರಾಂಕ ಶುಲ್ಕ 1,32,000 ರೂ., ಸೆಸ್ 13,200 ರೂ., ಸರ್‌ಚಾರ್ಜ್ 2,640 ರೂ., ನೋಂದಣಿ ಶುಲ್ಕ 88,000 ರೂ.; ಒಟ್ಟು 2,79,840 ರೂ. ಈಗ ನಿರ್ಮಾಪಕರು ಕಾರು ನಿಲುಗಡೆಗೆಂದು 1,50,000 ರೂ. ಸೇರಿಸಿದರು ಎನ್ನೋಣ. ಬೆಲೆ 45,50,000 ರೂ. ಆಗುತ್ತದೆ. ಜಿಎಸ್‌ಟಿ ಶೇ. 5ರಂತೆ 2,27,500 ರೂ.; ಮುದ್ರಾಂಕ, ಸೆಸ್, ಸರ್‌ಚಾರ್ಜ್, ನೋಂದಣಿ ಎಲ್ಲ ಸೇರಿ ಶೇ. 7.6ರಂತೆ 3,45,800 ರೂ.; ಒಟ್ಟು 5,73,300 ರೂ. ಒಂದೂವರೆ ಲಕ್ಷದ ಕಾರು ನಿಲುಗಡೆಗೆ ತೆರಿಗೆ-ಶುಲ್ಕವೇ 2,93,460 ರೂ. ಹೆಚ್ಚಾಯಿತು! ಮಾತುಕತೆಯ ಕೊನೆಯಲ್ಲಿ 'ಇದೊಂದು ಬೇರೆ' ಎಂದು ಸೇರಿಸುವ ಬಾಬುಗಳನ್ನು ಮೊದಲೇ ಕೇಳಿಕೊಳ್ಳಬೇಕಾದ ಕಾರಣ ಇದು. ಬಾಬನ್ನು ದಾಖಲೆಯ ಹೊರಗಿಟ್ಟು ಗೆರೆಯೊಳಗೆ ಉಳಿಯುವ ಉಪಾಯವನ್ನು ಸೂಚಿಸುವವರಿರುತ್ತಾರೆ. ಅದು ತೆರಿಗೆ ವಂಚನೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂ. ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆದರೆ ಅಷ್ಟೇ ಮೊತ್ತದ ದಂಡಕ್ಕೆ ಅವಕಾಶವಿರುವುದನ್ನೂ ನೆನಪಿಡತಕ್ಕದ್ದು.

ಸಾಲದ ವಿಷಯದಲ್ಲಿಯೂ ಲೆಕ್ಕ ತಪ್ಪುವುದು ಇಲ್ಲಿಯೇ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲ ಆಸ್ತಿಯ ಬೆಲೆಯ ಶೇ. 80 ಮೀರುವಂತಿಲ್ಲ, ಈ ಬೆಲೆಯಲ್ಲಿ ಮುದ್ರಾಂಕ ಮತ್ತು ನೋಂದಣಿ ವೆಚ್ಚ ಸೇರುವುದಿಲ್ಲ. 52 ಲಕ್ಷದ ಫ್ಲ್ಯಾಟಿಗೆ ಸ್ವಂತ ಹಣ 10,40,000 ರೂ. ಸಾಕೆಂದು ಹೊರಟವರಿಗೆ ನೋಂದಣಿಯ ದಿನ ಮತ್ತೆ 3,95,200 ರೂ. ಬೇಕಾಗುತ್ತದೆ. ವ್ಯಾಪಾರದ ಚಾಲ್ತಿ ಬಂಡವಾಳದಿಂದ ಆ ಹಣವನ್ನು ತೆಗೆದರೆ ಹಂಗಾಮಿನಲ್ಲಿ ಅಂಗಡಿಯ ಸರಕಿಗೆ ಪೆಟ್ಟು ಬೀಳುತ್ತದೆ. ಬೆಲೆ 50 ಲಕ್ಷ ಅಥವಾ ಅದಕ್ಕೂ ಹೆಚ್ಚಾದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ. 1 ಟಿಡಿಎಸ್ ಕಡಿದು ಸರ್ಕಾರಕ್ಕೆ ತುಂಬುವ ಹೊಣೆ ಕೊಳ್ಳುವವರದು. ಗಂಡ ಹೆಂಡತಿ ಜಂಟಿಯಾಗಿ ಕೊಂಡು ತಲಾ 26 ಲಕ್ಷವೆಂದು ತೋರಿಸಿದರೂ 2024ರ ಅಕ್ಟೋಬರಿನಿಂದ ಒಟ್ಟು ಬೆಲೆಯೇ ಗಣನೆಗೆ ಬರುತ್ತದೆ. ಗೃಹಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗಿನ ಕಡಿತ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಉಂಟು. ಹೊಸ ಪದ್ಧತಿ ಆರಿಸಿಕೊಂಡವರಿಗೆ ತಾವೇ ವಾಸಿಸುವ ಮನೆಗೆ ಅದು ದೊರೆಯದು. 'ತೆರಿಗೆ ಉಳಿಯುತ್ತದೆ' ಎಂಬ ಒಂದೇ ಕಾರಣಕ್ಕೆ ಸಾಲ ಮಾಡುವವರು ಇದನ್ನು ಗಮನಿಸಬೇಕು.

ಹಳೆಯ ಮನೆ ಮಾರಿ ಫ್ಲ್ಯಾಟು ಕೊಳ್ಳುವ ನಿವೃತ್ತರ ಪ್ರಶ್ನೆ ಬೇರೆ. ಮಾರಾಟದ ಲಾಭದ ಮೇಲಿನ ತೆರಿಗೆಯಿಂದ ವಿನಾಯಿತಿ ಬೇಕಾದರೆ ಸಿದ್ಧ ಮನೆಯನ್ನು 2 ವರ್ಷಗಳೊಳಗೆ ಕೊಳ್ಳಬೇಕು, ಕಟ್ಟಿಸುವುದಾದರೆ 3 ವರ್ಷ. ಖರ್ಚಾಗದ ಹಣವನ್ನು ವಿವರಣಪಟ್ಟಿ ಸಲ್ಲಿಸುವ ಗಡುವಿನೊಳಗೆ ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿ ಇಡಬೇಕು. ನಿರ್ಮಾಪಕರು ತಡಮಾಡಿ 3 ವರ್ಷ ಮೀರಿದರೆ ತೆರಿಗೆ ಅಧಿಕಾರಿಯ ಮುಂದೆ ವಾದಿಸಬೇಕಾದವರು ಮನೆ ಮಾರಿದ ಹಿರಿಯರು. ಎಪ್ಪತ್ತರ ವಯಸ್ಸಿನಲ್ಲಿ ಆ ಕೆಲಸ ಯಾರಿಗೂ ಬೇಡ. ಆದ್ದರಿಂದ ನಿವೃತ್ತರು ಶೇ. 5 ಜಿಎಸ್‌ಟಿ ಉಳಿಯುವ, ಓ.ಸಿ. ಪಡೆದ ಸಿದ್ಧ ಫ್ಲ್ಯಾಟನ್ನೇ ಕೊಳ್ಳುವುದು ಲೇಸು, ಅದರ ಬೆಲೆ ತುಸು ಹೆಚ್ಚಿದ್ದರೂ ಸರಿ.

ಕೂಡಿ ಬಾಳುವ ಲೆಕ್ಕ

ಫ್ಲ್ಯಾಟಿನ ಜೀವನ ಅರ್ಧ ಗೃಹಸ್ಥಿಕೆ, ಅರ್ಧ ಸಹಕಾರಿ ಸಂಘ. ಲಿಫ್ಟು, ಜನರೇಟರ್, ಪಂಪು, ಕಾವಲು, ಕಸ ವಿಲೇವಾರಿ ಎಲ್ಲಕ್ಕೂ ಕೂಡಿಯೇ ಹಣ ಹಾಕಬೇಕು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಘೋಷಣಾ ಪತ್ರ ನೋಂದಣಿಯಾಗಿ ಮಾಲೀಕರ ಸಂಘ ರಚನೆಯಾದರೆ ಸಾಮಾನ್ಯ ಸ್ಥಳಗಳ ಹಕ್ಕು-ಬಾಧ್ಯತೆಗಳಿಗೆ ಗಟ್ಟಿ ನೆಲೆಗಟ್ಟು ಸಿಗುತ್ತದೆ. ಇದನ್ನು ಮಾಡಿಕೊಡದೆ ನಿರ್ವಹಣೆಯನ್ನು ತಾವೇ ಇಟ್ಟುಕೊಳ್ಳುವ ನಿರ್ಮಾಪಕರಿದ್ದಾರೆ. ತಾರಸಿ ಯಾರದು, ಖಾಲಿ ಬಿಟ್ಟ ಮೂಲೆ ಯಾರದು, ನಿರ್ವಹಣೆಗೆಂದು ಆರಂಭದಲ್ಲಿ ಪಡೆದ ಇಡುಗಂಟು ಎಲ್ಲಿದೆ ಎಂಬ ಪ್ರಶ್ನೆಗಳು ಐದಾರು ವರ್ಷಗಳ ನಂತರ ಏಳುತ್ತವೆ. ಅಷ್ಟು ಹೊತ್ತಿಗೆ ರಸೀದಿಗಳು ಕಳೆದಿರುತ್ತವೆ.

ತಿಂಗಳ ನಿರ್ವಹಣಾ ವಂತಿಗೆ ಕಡಿಮೆ ಇದೆಯೆಂದು ಹಿಗ್ಗುವುದೂ ಸರಿಯಲ್ಲ. 24 ಫ್ಲ್ಯಾಟುಗಳ ಕಟ್ಟಡದಲ್ಲಿ 15 ವರ್ಷಗಳ ತರುವಾಯ ಲಿಫ್ಟು ಬದಲಿಸಲು, ಹೊರಗೋಡೆಗೆ ಬಣ್ಣ ಹೊಡೆಸಲು, ತಾರಸಿಯ ಸೋರಿಕೆ ನಿಲ್ಲಿಸಲು 25 ಲಕ್ಷ ರೂ. ಬೇಕಾಗುತ್ತದೆ ಎಂದಿಟ್ಟುಕೊಂಡರೆ, ಬಡ್ಡಿ ಬಿಟ್ಟು ಪ್ರತಿ ಮನೆಯಿಂದ ತಿಂಗಳಿಗೆ ಸುಮಾರು 580 ರೂ. ಮೊದಲ ತಿಂಗಳಿನಿಂದಲೇ ಬೇರೆ ತೆಗೆದಿಡಬೇಕು. ಹಾಗೆ ಮಾಡದ ಕಟ್ಟಡದಲ್ಲಿ ಹದಿನಾರನೇ ವರ್ಷ ಒಮ್ಮೆಲೇ ಮನೆಗೆ ಲಕ್ಷ ರೂಪಾಯಿಗೂ ಮೇಲೆ ಕೇಳಬೇಕಾಗುತ್ತದೆ. ಆಗ ಕೊಡಲಾಗದವರು ಪಿಂಚಣಿಯ ಮೇಲೆ ಬದುಕುವವರು. ಕೊಡದವರು ಬಾಡಿಗೆಗೆ ಕೊಟ್ಟು ಬೇರೆ ಊರಲ್ಲಿರುವವರು. ಲಿಫ್ಟು ನಿಂತರೆ ನಾಲ್ಕನೇ ಮಹಡಿಯ ಹಿರಿಯರಿಗೆ ಎದುರಿನ ಆಸ್ಪತ್ರೆಯೂ ದೂರವೇ. ಮರುಮಾರಾಟದ ಫ್ಲ್ಯಾಟು ಕೊಳ್ಳುವವರು ಗೋಡೆಯ ಬಣ್ಣ ನೋಡುವ ಮುನ್ನ ಸಂಘದ ಕಳೆದ ಮೂರು ವರ್ಷಗಳ ಜಮಾ-ಖರ್ಚು ಪತ್ರಿಕೆ ಕೇಳಿ ನೋಡಬೇಕು. ಬಾಕಿದಾರರ ಪಟ್ಟಿ ಉದ್ದವಿದ್ದರೆ ಕಟ್ಟಡದ ಆರೋಗ್ಯ ಅದರಿಂದಲೇ ತಿಳಿಯುತ್ತದೆ. ಅಂದ ಹಾಗೆ, ತಿಂಗಳ ವಂತಿಗೆ ಸದಸ್ಯನಿಗೆ 7,500 ರೂ. ಮೀರಿ, ಸಂಘದ ವಾರ್ಷಿಕ ವಹಿವಾಟು 20 ಲಕ್ಷ ಮೀರಿದರೆ ಶೇ. 18 ಜಿಎಸ್‌ಟಿ ಬೀಳುತ್ತದೆ; ಸತ್ತೂರಿನಂಥ ಕಡೆ ಅಷ್ಟು ವಂತಿಗೆ ಅಪರೂಪ.

ಶಾಂತತೆಯ ಬಗೆಗೆ ಇಷ್ಟೇ ಹೇಳಬಹುದು. ಪಿ.ಬಿ. ರಸ್ತೆಯಿಂದ ಎರಡು ಅಡ್ಡರಸ್ತೆ ಒಳಗೆ ಹೋದರೆ ಸತ್ತೂರ ಇಂದಿಗೂ ತಣ್ಣಗಿದೆ. ಪಕ್ಕದ ಖಾಲಿ ಪ್ಲಾಟಿನಲ್ಲಿ ಮುಂದೆ ಏನು ಬರಬಹುದೆಂಬುದು ಮಹಾಯೋಜನೆಯ ನಕಾಶೆಯಲ್ಲಿದೆ: ವಾಣಿಜ್ಯ ವಲಯವಾಗಿದ್ದರೆ ಇವತ್ತಿನ ಜೋಳದ ಹೊಲ ನಾಳೆ ಕಲ್ಯಾಣಮಂಟಪವಾದೀತು. ಮಳೆಗಾಲದಲ್ಲಿ ಒಮ್ಮೆ ಬಂದು ನೋಡುವುದೂ ಅಗತ್ಯ. ಧಾರವಾಡದ ಟೋಲ್‌ನಾಕಾ ಬಳಿ ದೊಡ್ಡ ಮಳೆ ಬಂದಾಗ ನೀರು ನಿಲ್ಲುವುದನ್ನು ಕಂಡವರು, ಜನವರಿಯ ಬಿಸಿಲಿನಲ್ಲಿ ಮಾತ್ರ ನೋಡಿ ಮನೆ ಕೊಳ್ಳುವುದಿಲ್ಲ.

ಮರುಮಾರಾಟದಲ್ಲಿ ಇತ್ತೀಚೆಗೆ ಎದುರಾಗುವ ಇನ್ನೊಂದು ತೊಡಕು, ಮಾರುವವರು ವಿದೇಶವಾಸಿಗಳಾಗಿರುವುದು. ತಂದೆತಾಯಿಗಳಿಗಾಗಿ ಫ್ಲ್ಯಾಟು ಕೊಂಡ ಮಕ್ಕಳು, ಅವರ ಕಾಲಾನಂತರ ಅದನ್ನು ಮಾರಲು ಹೊರಡುತ್ತಾರೆ. ಮಾರುವವರು ತೆರಿಗೆ ಕಾನೂನಿನಂತೆ ಅನಿವಾಸಿಯಾಗಿದ್ದರೆ ಶೇ. 1 ಟಿಡಿಎಸ್ ಸಾಲದು. 50 ಲಕ್ಷದ ಮಿತಿಯೂ ಅನ್ವಯಿಸುವುದಿಲ್ಲ. ಬಂಡವಾಳ ಲಾಭದ ದರದಲ್ಲಿ ಸೆಸ್ ಸಹಿತ ಕಡಿಯಬೇಕು. ಮಾರುವವರು ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ದರದ ಪ್ರಮಾಣಪತ್ರ ತಂದುಕೊಡದಿದ್ದರೆ, ಲಾಭವೆಷ್ಟೆಂದು ಖಚಿತವಾಗಿ ತಿಳಿಯದ ಕೊಳ್ಳುವವರು ಪೂರ್ಣ ಬೆಲೆಯ ಮೇಲೆಯೇ ಕಡಿಯುವುದು ಸುರಕ್ಷಿತ. ಮುಖ್ತ್ಯಾರ ಪತ್ರ ಹಿಡಿದು ಸಹಿ ಹಾಕಲು ಬಂದ ಸೋದರಮಾವ ಧಾರವಾಡದವರೇ ಆಗಿರಬಹುದು. ತೆರಿಗೆಯ ಲೆಕ್ಕದಲ್ಲಿ ನೋಡಬೇಕಾದದ್ದು ಮಾಲೀಕರ ನಿವಾಸವನ್ನು. ಒಪ್ಪಂದಕ್ಕೆ ಮುನ್ನವೇ ಅವರ ನಿವಾಸ ಸ್ಥಿತಿಯನ್ನು ಬರಹದಲ್ಲಿ ಪಡೆದು, ಪ್ರಮಾಣಪತ್ರ ಬರುವ ತನಕದ ಕಾಲಾವಕಾಶವನ್ನು ಒಪ್ಪಂದದಲ್ಲಿಯೇ ಸೇರಿಸುವುದು ಒಳ್ಳೆಯದು. ಜೊತೆಗೆ ಆ ಫ್ಲ್ಯಾಟಿನ ಇ-ಖಾತೆ, ಪಾಲಿಕೆಯ ಆಸ್ತಿ ತೆರಿಗೆಯ ರಸೀದಿ ಮತ್ತು ಹೆಸ್ಕಾಂ ಬಿಲ್ಲು ಮೂರೂ ಮಾರುವವರ ಹೆಸರಿನಲ್ಲಿಯೇ ಇವೆಯೇ, ತೀರಿಕೊಂಡ ತಂದೆಯ ಹೆಸರಿನಲ್ಲಿ ಉಳಿದಿವೆಯೇ ಎಂಬುದನ್ನು ನೋಡಬೇಕು. ತಂದೆಯ ಹೆಸರಿನಲ್ಲಿದ್ದರೆ ವಾರಸಾ ವರ್ಗಾವಣೆ ಮೊದಲು ಆಗಲಿ, ಮುಂಗಡ ಆಮೇಲೆ.